ಸೊಂಟದ ಪಿಸ್ತೂಲು, ದಪ್ಪ ಬೆಲ್ಟು ಮತ್ತು ಹಳೆಯ ಯೋಗ ಮ್ಯಾಟಿನ ಒಂದು ತುಂಡು

ಕಳೆದ ವಾರ ಡಲ್ಲಾಸಿನಿಂದ ಗೆಳತಿ ಫೋನ್ ಮಾಡಿದ್ದಳು. ಗ್ರೀನ್ ಕಾರ್ಡ್ ಬಂದು ಒಂದು ವರ್ಷವಾಗಿದೆ. ಗಂಡ ಹೆಂಡತಿ ಸೇರಿ ಒಂದು ಸಣ್ಣ ಮೋಟೆಲ್ ನಡೆಸುತ್ತಾರೆ. ರಾತ್ರಿ ಕೌಂಟರಿನಲ್ಲಿ ಅವಳೊಬ್ಬಳೇ ಕೂರುತ್ತಾಳೆ. "ಯಾವ ಪಿಸ್ತೂಲು ತಗೊಳ್ಳಲಿ ಹೇಳೇ" ಅಂದಳು. "ಅದು ಆಮೇಲೆ. ಮೊದಲು ಎಲ್ಲಿ ಇಟ್ಕೊಳ್ತೀಯ ಹೇಳು" ಅಂದೆ. "ಎಲ್ಲಿ ಅಂದ್ರೆ? ಬ್ಯಾಗಲ್ಲಿ" ಅಂದಳು.

ನಾನು ಶುರು ಮಾಡಿದ್ದೂ ಬ್ಯಾಗಿನಿಂದಲೇ. ಅಲ್ಲಿಂದ ಸೊಂಟಕ್ಕೆ ಬರಲು ನನಗೆ ಒಂದೂವರೆ ವರ್ಷ ಹಿಡಿಯಿತು. ಮೂರು ಹೋಲ್‌ಸ್ಟರ್, ಎರಡು ಪಿಸ್ತೂಲು ಬದಲಾದವು. ಹೋಲ್‌ಸ್ಟರ್ ಅಂದರೆ ಪಿಸ್ತೂಲು ಕೂರಿಸುವ ಒರೆ. ಅವಳಿಗೆ ಫೋನಿನಲ್ಲಿ ಅರ್ಧ ಹೇಳಿದೆ. ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಕನ್ನಡದಲ್ಲಿ ಇದನ್ನು ಕೇಳುವವರು ಇದ್ದಾರೆ, ಕೂತು ಹೇಳುವವರು ಕಡಿಮೆ.

ನಮ್ಮದು ಹ್ಯೂಸ್ಟನ್ನಿನ ಪಶ್ಚಿಮಕ್ಕೆ, ಐ-10 ಹೆದ್ದಾರಿ ಪಕ್ಕದ ಗ್ಯಾಸ್ ಸ್ಟೇಷನ್. ಜೊತೆಗೊಂದು ಅಂಗಡಿ. ಹಾಲು, ಬಿಯರ್, ಲಾಟರಿ ಟಿಕೆಟ್, ಕಾಫಿ. ರಾತ್ರಿ 11ಕ್ಕೆ ಬಾಗಿಲು. ವಾರದಲ್ಲಿ ನಾಲ್ಕು ರಾತ್ರಿ ಮುಚ್ಚುವವಳು ನಾನು. 2020ರ ಚಳಿಗಾಲದಲ್ಲಿ ರಸ್ತೆಯ ಆಚೆ ಬದಿಯ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನ ಎದೆಗೆ ಗನ್ ಹಿಡಿದು ಗಲ್ಲಾಪೆಟ್ಟಿಗೆ ಖಾಲಿ ಮಾಡಿದರು. ಹುಡುಗನಿಗೆ ಏನೂ ಆಗಲಿಲ್ಲ. ಮರುದಿನ ನಮ್ಮಲ್ಲಿಗೆ ಬಂದು ಕಾಫಿ ತಗೊಂಡ. ಲೋಟಕ್ಕೆ ಮುಚ್ಚಳ ಹಾಕಲು ಅವನಿಗೆ ಆಗುತ್ತಲೇ ಇರಲಿಲ್ಲ, ಅಷ್ಟು ಕೈ ನಡುಗುತ್ತಿತ್ತು. ನಾನೇ ಹಾಕಿಕೊಟ್ಟೆ. ಆ ರಾತ್ರಿ ನಮ್ಮ ಮನೆಯವರ ಹತ್ತಿರ ನನಗೂ ಒಂದು ಗನ್ ಬೇಕು ಅಂದೆ.

ನನಗೆ ಬಂದೂಕು ಹೊಸದಲ್ಲ. ತೀರ್ಥಹಳ್ಳಿ ಕಡೆ ನಮ್ಮ ಅಡಿಕೆ ತೋಟಕ್ಕೆ ಹಂದಿ, ಮಂಗನ ಕಾಟ. ಅಪ್ಪಯ್ಯನ ಹತ್ತಿರ ಲೈಸೆನ್ಸ್ ಇರುವ ಒಂಟಿ ನಳಿಗೆ ಕೋವಿ ಇತ್ತು. ಎಲೆಕ್ಷನ್ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ಚೀಟಿ ತರುತ್ತಿದ್ದರು. ಬೇಲಿ ದಾಟುವ ಮೊದಲು ನಳಿಗೆ ಮಡಚಿ, ತೋಟಾ ತೆಗೆದು ಜೇಬಿಗೆ ಹಾಕಿಕೊಂಡೇ ಕಾಲು ಎತ್ತುತ್ತಿದ್ದರು. ಎಷ್ಟೇ ಆತುರ ಇದ್ದರೂ ಅದನ್ನು ತಪ್ಪಿಸಿದ್ದು ನಾನು ನೋಡಿಲ್ಲ. ಆದರೆ ಕೋವಿ ಹೆಗಲ ಮೇಲೆ ಎಲ್ಲರಿಗೂ ಕಾಣುವ ಸಾಮಾನು. ತೋಟದಿಂದ ಬಂದ ಮೇಲೆ ಅದರ ಜಾಗ ಅಟ್ಟ. ಒಂದು ತುಂಬಿದ ಪಿಸ್ತೂಲನ್ನು ದಿನಕ್ಕೆ ಎಂಟು ಹತ್ತು ಗಂಟೆ, ಯಾರಿಗೂ ಗೊತ್ತಾಗದ ಹಾಗೆ, ಮೈಗೆ ಅಂಟಿಸಿಕೊಂಡು ಕೆಲಸ ಮಾಡುವುದು ಬೇರೆಯೇ ವಿದ್ಯೆ. ಅದನ್ನು ಮೊದಲಿಂದ ಕಲಿಯಬೇಕಾಯಿತು.

ಕಾನೂನಿನ ಮಾತು ಸ್ವಲ್ಪ ಹೇಳಿಬಿಡುತ್ತೇನೆ. ಎಚ್1ಬಿ ತರಹದ ವೀಸಾದಲ್ಲಿ ಇರುವವರು ಅಮೆರಿಕದಲ್ಲಿ ಗನ್ ಆಗಲಿ ಗುಂಡಾಗಲಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೆ ವಕೀಲರನ್ನು ಕೇಳದೆ ಅದನ್ನು ನಂಬಿಕೊಂಡು ಹೋಗಬೇಡಿ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ, 21 ವರ್ಷ ದಾಟಿದವರು, ಕಾನೂನಿನ ಬೇರೆ ಅಡ್ಡಿ ಇಲ್ಲದಿದ್ದರೆ, ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ನಾನು ಅದಕ್ಕೂ ಮೊದಲೇ ಕ್ಲಾಸಿಗೆ ಹೋಗಿ ಲೈಸೆನ್ಸ್ ಮಾಡಿಸಿದ್ದೆ. ಈಗಲೂ ಎಲ್ಲರಿಗೂ ಮಾಡಿಸಿ ಅಂತಲೇ ಹೇಳುತ್ತೇನೆ. ಅದರ ಪರೀಕ್ಷೆಯಲ್ಲಿ 3, 7, 15 ಗಜ ದೂರದಿಂದ ಒಟ್ಟು 50 ಗುಂಡು ಹೊಡೆಯಬೇಕು, 250ಕ್ಕೆ 175 ಅಂಕ ಬಂದರೆ ಪಾಸು. ಅದಕ್ಕಿಂತ ಮುಖ್ಯ, ಎಲ್ಲೆಲ್ಲಿ ಒಯ್ಯಬಾರದು ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಶಾಲೆ, ಕೋರ್ಟು, ಪೋಸ್ಟ್ ಆಫೀಸು, ಕೆಂಪು ಅಕ್ಷರದ 51 ಶೇಕಡಾ ಬೋರ್ಡ್ ಹಾಕಿದ ಬಾರು, ಅಂದರೆ ಅರ್ಧಕ್ಕಿಂತ ಹೆಚ್ಚು ಆದಾಯ ಅಲ್ಲೇ ಕುಡಿಯುವ ಮದ್ಯದಿಂದ ಬರುವ ಜಾಗ. ನಮ್ಮ ರಾಜ್ಯೋತ್ಸವ ಕಾರ್ಯಕ್ರಮಗಳು ಎಷ್ಟೋ ಸಲ ಶಾಲೆಯ ಹಾಲಿನಲ್ಲೇ ನಡೆಯುತ್ತವೆ, ನೆನಪಿರಲಿ.

ಈಗ ಪಿಸ್ತೂಲಿನ ವಿಷಯ.

ನಾನು ಮೊದಲು ಕೊಂಡದ್ದು ಐದು ಗುಂಡಿನ ಪುಟ್ಟ .38 ರಿವಾಲ್ವರ್. ತೂಕ ನಾನೂರು ಗ್ರಾಂ ಚಿಲ್ಲರೆ. ಅಂಗಡಿಯವನು "ಹೆಂಗಸರ ಕೈಗೆ ಇದೇ ಸರಿ" ಅಂದ. ಕೈಯಲ್ಲಿ ಹಿಡಿದಾಗ ಹೌದು ಅನ್ನಿಸಿತು. ಗುಂಡು ಹೊಡೆದ ಮೇಲೆ ಅಲ್ಲ ಅನ್ನಿಸಿತು. ಹಗುರವಾದಷ್ಟೂ ಒದೆ ಜಾಸ್ತಿ. ಟ್ರಿಗರ್ ಎಷ್ಟು ಬಿಗಿ ಎಂದರೆ ಎಳೆಯುವಷ್ಟರಲ್ಲಿ ಗುರಿ ಪಕ್ಕಕ್ಕೆ ಹೋಗಿರುತ್ತಿತ್ತು. ಇಪ್ಪತ್ತು ಗುಂಡು ಆಗುವಾಗ ಹೆಬ್ಬೆರಳಿನ ಸಂದು ಕೆಂಪಾಗಿ ಉರಿಯುತ್ತಿತ್ತು. ಹಾಗಾಗಿ ಅಭ್ಯಾಸಕ್ಕೆ ಹೋಗುವುದನ್ನೇ ಮುಂದೂಡತೊಡಗಿದೆ. ಚಿಕ್ಕ ಗನ್ ಮುಚ್ಚಿಡುವುದು ಸುಲಭ, ಅದರಿಂದ ಗುರಿ ಹೊಡೆಯುವುದು ಕಷ್ಟ. ಹೊಸಬರಿಗೆ ಕೊಡುವ ಸಾಮಾನಲ್ಲ ಅದು.

ಆಮೇಲೆ ಸಿಗ್ ಸಾವರ್ ಪಿ365 ತಗೊಂಡೆ. 2018ರಲ್ಲಿ ಮಾರುಕಟ್ಟೆಗೆ ಬಂದದ್ದು. 9 ಎಂಎಂ, ಮ್ಯಾಗಜೀನಿನಲ್ಲಿ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ) 10 ಗುಂಡು, ದಪ್ಪ ಹೆಚ್ಚುಕಡಿಮೆ ಒಂದು ಇಂಚು, ತೂಕ ಅರ್ಧ ಕಿಲೋ. ನಮ್ಮ ಮನೆಯವರದು ಗ್ಲಾಕ್ 19, ಅದರಲ್ಲಿ 15 ಗುಂಡು. ತುಂಬಿದ ಮೇಲೆ ಎತ್ತಿ ನೋಡಿದರೆ ಎರಡರ ತೂಕದ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ನನಗೆ ಕಲಿಸಿದವರು ಅರವತ್ತು ದಾಟಿದ ಒಬ್ಬ ಹೆಂಗಸು. ಅವರು ಹೇಳಿಕೊಟ್ಟ ಒಂದು ಮಾತು ನನ್ನ ಲೆಕ್ಕವನ್ನೇ ತಿರುಗಿಸಿತು. ಪ್ಯಾಂಟಿನ ಒಳಗೆ ಇಳಿದ ನಳಿಗೆ ಎಷ್ಟು ಉದ್ದ ಇದ್ದರೂ ಹೊರಗೆ ಕಾಣುವುದಿಲ್ಲ. ಕಾಣುವುದು ಹಿಡಿ. ಬಟ್ಟೆಯನ್ನು ಹೊರಗೆ ತಳ್ಳುವುದು ಹಿಡಿಯ ಕೆಳತುದಿ. ಅದಕ್ಕೇ ಹಿಡಿ ಗಿಡ್ಡ ಇರಬೇಕು. ನಳಿಗೆಯಾಗಲಿ ಹೋಲ್‌ಸ್ಟರ್ ಆಗಲಿ ಸ್ವಲ್ಪ ಉದ್ದ ಇದ್ದರೆ ಒಳ್ಳೆಯದೇ. ಕೆಳಗಿನ ತುದಿ ಮೈಗೆ ಒತ್ತಿದಷ್ಟೂ ಮೇಲಿನ ಹಿಡಿ ಹೊಟ್ಟೆಯ ಕಡೆಗೆ ವಾಲುತ್ತದೆ. ಪುಟಾಣಿ ಗನ್ನಿಗೆ ಪುಟಾಣಿ ಹೋಲ್‌ಸ್ಟರ್ ಹಾಕಿದರೆ ಅದು ಮುಂದಕ್ಕೆ ಮಗುಚಿಕೊಳ್ಳುತ್ತದೆ.

ಬ್ಯಾಗಿನ ಕಥೆ ಹೇಳಬೇಕು.

ಗನ್ ಇಡಲೆಂದೇ ಮಾಡಿದ ಬ್ಯಾಗ್ ಸಿಗುತ್ತವೆ. ಬೇರೆ ಅರೆ, ಬೇರೆ ಜಿಪ್ಪು, ಒಳಗೊಂದು ಹೋಲ್‌ಸ್ಟರ್. ನನ್ನದೂ ಅಂಥದ್ದೇ. ಒಂದು ಭಾನುವಾರ ಸ್ನೇಹಿತರು ಮನೆಗೆ ಬಂದಿದ್ದರು. ನಾನು ದೋಸೆ ಹುಯ್ಯುತ್ತಿದ್ದೆ. ಅಂಗಡಿಯಿಂದ ಬಂದವಳು ಬ್ಯಾಗನ್ನು ಸೋಫಾದ ಮೇಲೆ ಬಿಟ್ಟು ನೇರ ಅಡುಗೆಮನೆಗೆ ಬಂದಿದ್ದೆ. ಅವರ ಮೂರು ವರ್ಷದ ಮಗ ಬಂದು ನನ್ನ ಸೆರಗು ಎಳೆದ. ಅವನ ಕೈಯಲ್ಲಿ ನನ್ನ ಲಿಪ್ ಬಾಮ್. "ಆಂಟಿ, ಇದು ನಂಗೆ ಕೊಡ್ತೀರಾ?" ಅಂದ.

ಲಿಪ್ ಬಾಮ್ ಇದ್ದದ್ದು ಬ್ಯಾಗಿನ ನಡುವಿನ ಅರೆಯಲ್ಲಿ. ಅದರ ಪಕ್ಕದ ಜಿಪ್ಪಿನ ಹಿಂದೆ ಪಿಸ್ತೂಲು. ನಾನು ಒಲೆ ಆರಿಸಲಿಲ್ಲ. ಓಡಿದೆ. ಆ ಜಿಪ್ಪು ಮುಚ್ಚಿಯೇ ಇತ್ತು. ಬ್ಯಾಗನ್ನು ಎದೆಗೆ ಅವಚಿಕೊಂಡು ನಿಂತವಳಿಗೆ ಕಾಲಲ್ಲಿ ಬಲವೇ ಇರಲಿಲ್ಲ. ಒಳಗೆ ದೋಸೆ ಸೀದ ವಾಸನೆ. ಆ ಮಗುವಿನ ಅಮ್ಮನಿಗೆ ಅವತ್ತೇ ವಿಷಯ ಹೇಳಿದೆ, ಹೇಳದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಅವಳು ತುಂಬ ಹೊತ್ತು ಮಾತಾಡಲಿಲ್ಲ.

2014ರ ಡಿಸೆಂಬರಿನಲ್ಲಿ ಐಡಹೊ ರಾಜ್ಯದ ಹೇಡನ್ ಎಂಬ ಊರಿನಲ್ಲಿ, ವಾಲ್‌ಮಾರ್ಟ್ ಒಳಗೆ, ಶಾಪಿಂಗ್ ಗಾಡಿಯಲ್ಲಿ ಕೂತಿದ್ದ ಎರಡು ವರ್ಷದ ಮಗು ತಾಯಿಯ ಬ್ಯಾಗಿಗೆ ಕೈ ಹಾಕಿತು. ಅದೂ ಗನ್ ಇಡಲೆಂದೇ ಮಾಡಿದ ಬ್ಯಾಗು. ಗುಂಡು ಹಾರಿ ಆ ತಾಯಿ ಅಲ್ಲೇ ತೀರಿಕೊಂಡರು. ಅದನ್ನು ನಾನು ಹಿಂದೆ ಓದಿದ್ದೆ. ಓದಿದ್ದರೂ ಬ್ಯಾಗನ್ನು ಸೋಫಾದ ಮೇಲೆ ಬಿಟ್ಟಿದ್ದೆ. ಬ್ಯಾಗನ್ನು ನಾವು ಕುರ್ಚಿಗೆ ನೇತುಹಾಕುತ್ತೇವೆ, ಗಾಡಿಯಲ್ಲಿ ಇಡುತ್ತೇವೆ, ಕಸಿದುಕೊಳ್ಳುವವರು ಮೊದಲು ಕಸಿಯುವುದೂ ಅದನ್ನೇ. ಹಾಗಾಗಿ ಗೆಳತಿಗೆ ಹೇಳಿದೆ, ಬ್ಯಾಗ್ ಬೇಡವೇ ಬೇಡ ಕಣೇ. ಮೈ ಮೇಲೆ, ಇಲ್ಲಾ ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಮೂರನೇ ಜಾಗ ಇಲ್ಲ. ಟೆಕ್ಸಾಸಿನಲ್ಲಿ 17ರ ಒಳಗಿನ ಮಕ್ಕಳ ಕೈಗೆ ಸಿಗುವ ಹಾಗೆ ತುಂಬಿದ ಗನ್ ಬಿಟ್ಟರೆ ಕೇಸೂ ಆಗುತ್ತದೆ. ಆದರೆ ಕೇಸಿನ ಭಯಕ್ಕೆ ಹೇಳುತ್ತಿಲ್ಲ ನಾನು.

ಮೈ ಮೇಲೆ ಅಂದರೆ ಎಲ್ಲಿ? ಇಲ್ಲಿ ಎಲ್ಲರೂ ಗಡಿಯಾರದ ಲೆಕ್ಕದಲ್ಲಿ ಮಾತಾಡುತ್ತಾರೆ. ಹೊಕ್ಕುಳು 12 ಗಂಟೆ, ಬಲಗಡೆಯ ಸೊಂಟ 3, ಬೆನ್ನು 6. ನಮ್ಮ ಮನೆಯವರು ನಾಲ್ಕು ಗಂಟೆಗೆ ಇಟ್ಟುಕೊಳ್ಳುತ್ತಾರೆ, ಅಂದರೆ ಬಲ ಸೊಂಟದಿಂದ ಸ್ವಲ್ಪ ಹಿಂದೆ, ಪ್ಯಾಂಟಿನ ಒಳಗೆ. ಅವರಿಗೆ ಅದು ಹೇಳಿ ಮಾಡಿಸಿದ ಹಾಗೆ ಇದೆ. ನಾನೂ ಅದನ್ನೇ ಮಾಡಿದೆ. ಎರಡು ದಿನಕ್ಕೆ ಪಕ್ಕೆಲುಬು ನೋಯತೊಡಗಿತು. ಗಂಡಸರ ಸೊಂಟ ನೇರ ಇಳಿಯುತ್ತದೆ. ನಮ್ಮದು ಬಳುಕಿ ಹೊರಗೆ ಹೋಗುತ್ತದೆ. ಸೊಂಟದ ಅಗಲ ನಳಿಗೆಯನ್ನು ಹೊರಗೆ ತಳ್ಳಿದರೆ ಹಿಡಿ ಬಂದು ಪಕ್ಕೆಗೆ ಚುಚ್ಚುತ್ತದೆ. ಗಂಡ ಬಳಸುವುದನ್ನೇ ಹೆಂಡತಿಯೂ ಬಳಸಬೇಕು ಅಂತ ಏನೂ ಇಲ್ಲ, ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನನ್ನ 60 ಡಾಲರ್ ಉಳಿಯುತ್ತಿತ್ತು.

ಅದಲ್ಲದೆ ನನ್ನ ಕೆಲಸ ಬಗ್ಗುವ ಕೆಲಸ. ಕೂಲರಿನ ಕೆಳಗಿನ ಸಾಲಿಗೆ ಹಾಲಿನ ಕ್ಯಾನ್ ಜೋಡಿಸುವಾಗ ಬೆನ್ನ ಕಡೆ ಬಟ್ಟೆ ಬಿಗಿಯಾಗಿ ಗನ್ನಿನ ಆಕಾರ ಪೂರ್ತಿ ಮೂಡುತ್ತದೆ. ಹಿಂದೆ ನಿಂತ ಗಿರಾಕಿಗೆ ಕಾಣುತ್ತದೆ, ನನಗೆ ಕಾಣುವುದಿಲ್ಲ.

ಕಾಲಿಗೆ ಕಟ್ಟುವುದು ಕೂತು ಗಾಡಿ ಓಡಿಸುವವರಿಗೆ ಆದೀತು, ದಿನವಿಡೀ ನಿಲ್ಲುವ ನನಗೆ ಆಗಲ್ಲ. ಬೆನ್ನುಹುರಿಯ ಮೇಲೆ ಸರಿಯಾಗಿ 6 ಗಂಟೆಗೆ ಇಡುವುದನ್ನು ಯಾರಿಗೂ ಹೇಳುವುದಿಲ್ಲ, ಜಾರಿ ಬಿದ್ದರೆ ಬೆನ್ನುಮೂಳೆ ಕಬ್ಬಿಣದ ಮೇಲೆ ಬೀಳುತ್ತದೆ. ಜೇಬಿನಲ್ಲಿ ಇಡುವುದಾದರೆ ಜೇಬಿಗೆ ಅಂತ ಬರುವ ಹೋಲ್‌ಸ್ಟರ್ ಇರಲೇಬೇಕು, ಆ ಜೇಬಿನಲ್ಲಿ ಬೀಗದ ಕೈ, ಪೆನ್ನು ಏನೂ ಇರಬಾರದು.

ಹೊಟ್ಟೆಗೆ ಸುತ್ತುವ ಎಲಾಸ್ಟಿಕ್ ಪಟ್ಟಿಯನ್ನು ನಾನು ಮೂರು ತಿಂಗಳು ಬಳಸಿದೆ. ಲೆಗ್ಗಿಂಗ್ಸ್ ಮೇಲೂ ಆಗುತ್ತದೆ, ಬೆಲ್ಟ್ ಬೇಡ, ಮೊದಲ ಗಂಟೆ ತುಂಬ ಹಾಯಾಗಿರುತ್ತದೆ. ಆದರೆ ಅದು ಬರೀ ಬಟ್ಟೆ. ಬಟ್ಟೆಯ ಮೇಲಿಂದಲೇ ಟ್ರಿಗರಿಗೆ ಒತ್ತಡ ಬೀಳಬಹುದು. ಗನ್ ಹೊರಗೆ ತೆಗೆದ ಮೇಲೆ ಪಟ್ಟಿಯ ಬಾಯಿ ಮುಚ್ಚಿಕೊಳ್ಳುತ್ತದೆ, ವಾಪಸ್ ಹಾಕಲು ಇನ್ನೊಂದು ಕೈ ಬೇಕು. ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಚಿಪ್ಪು ಒಳಗಿಲ್ಲದ ಪಟ್ಟಿಯನ್ನು ಕೊಳ್ಳಲೇಬೇಡಿ.

ಈಗ ನಾನು ಇಟ್ಟುಕೊಳ್ಳುವುದು ಮುಂದೆ, ಹೊಕ್ಕುಳಿನಿಂದ ಬಲಕ್ಕೆ, ಒಂದು ಗಂಟೆಯ ಜಾಗದಲ್ಲಿ. ಕೈಡೆಕ್ಸ್ ಹೋಲ್‌ಸ್ಟರ್. ಅದೊಂದು ಗಟ್ಟಿ ಪ್ಲಾಸ್ಟಿಕ್, ಬಿಸಿ ಮಾಡಿ ಆಯಾ ಗನ್ನಿನ ಆಕಾರಕ್ಕೇ ಅಚ್ಚು ಒತ್ತಿರುತ್ತಾರೆ. ಗನ್ ಕೂತಾಗ ಟಕ್ ಅಂತ ಸದ್ದು. ಚರ್ಮದ್ದು ಮೈಗೆ ಮೆತ್ತಗೆ ಇರುತ್ತದೆ, ನಿಜ. ಆದರೆ ಹಳೆಯದಾಗಿ ಮೆತ್ತಗಾದ ಚರ್ಮದ ಅಂಚು ಒಳಗೆ ಮಡಚಿ ಟ್ರಿಗರಿಗೆ ಸಿಕ್ಕಿ ಗುಂಡು ಹಾರಿದ್ದುಂಟು. ಮುಂದೆ ಇಟ್ಟಾಗ ನಳಿಗೆ ನೋಡುವುದು ನಮ್ಮ ತೊಡೆಯನ್ನೇ. ಈ ಜಾಗವನ್ನು ಆರಿಸಿಕೊಳ್ಳುವವರು ಅದನ್ನು ಪ್ರತಿ ದಿನ ನೆನಪಿಟ್ಟುಕೊಳ್ಳಬೇಕು.

ನಮ್ಮ ಗುರುಗಳು ಬೆಲ್ಟಿನ ಬಗ್ಗೆ ಅರ್ಧ ಗಂಟೆ ಮಾತಾಡಿದಾಗ ಇಷ್ಟು ಯಾಕೆ ಅನ್ನಿಸಿತ್ತು. ಮಾಮೂಲಿ ಹೆಂಗಸರ ಬೆಲ್ಟು ಅಂದಕ್ಕೆ ಇರುವುದು. ಅರ್ಧ ಕಿಲೋ ತೂಗಿದರೆ ತಿರುಚಿಕೊಳ್ಳುತ್ತದೆ, ಗನ್ ಹೊರಗೆ ವಾಲುತ್ತದೆ, ಅದನ್ನು ತಡೆಯಲು ಬಿಗಿ ಮಾಡುತ್ತೀರಿ, ಹೊಟ್ಟೆ ನೋಯುತ್ತದೆ, ಸಂಜೆಗೆ ಬಿಚ್ಚಿ ಕೌಂಟರ್ ಕೆಳಗೆ ಇಡುತ್ತೀರಿ. ನಾನು ಅದೇ ಮಾಡುತ್ತಿದ್ದೆ. ಕೌಂಟರ್ ಕೆಳಗಿನ ಗನ್ ಯಾರ ಕೈಗೂ ಸಿಗಬಹುದು. ಗಟ್ಟಿ ಬೆಲ್ಟು, ಒಂದೂವರೆ ಇಂಚು ಅಗಲದ್ದು, ಒಳಗೆ ಬಿಗಿ ಪಟ್ಟಿ ಇರುವುದು, ಹಾಕಿದ ಮೊದಲ ದಿನವೇ ಭಾರ ಸೊಂಟದ ಸುತ್ತ ಹಂಚಿಕೊಂಡಿತು. ಬಿಗಿಯುವ ಅಗತ್ಯವೇ ಇರಲಿಲ್ಲ. ಜೀನ್ಸ್ ಮಾತ್ರ ಒಂದು ಸೈಜ್ ದೊಡ್ಡದು ಬೇಕಾಯಿತು.

ಇನ್ನು ಯೋಗ ಮ್ಯಾಟಿನ ತುಂಡು. ಬೆಲ್ಟ್ ಸರಿಯಾದ ಮೇಲೂ ಹಿಡಿ ಸ್ವಲ್ಪ ಹೊರಗೆ ನಿಲ್ಲುತ್ತಿತ್ತು, ಕೂತಾಗ ಹೋಲ್‌ಸ್ಟರಿನ ಕೆಳತುದಿ ತೊಡೆಯ ಸಂದಿಗೆ ಒತ್ತುತ್ತಿತ್ತು. ಗುರುಗಳು ವೆಡ್ಜ್ ಹಾಕು ಅಂದರು. ಹೋಲ್‌ಸ್ಟರಿಗೂ ಮೈಗೂ ನಡುವೆ ಕೂರುವ ಮೆತ್ತನೆಯ ಬೆಣೆ ಅದು. ಕೊಳ್ಳಲೂ ಸಿಗುತ್ತದೆ. ನಾನು ಮನೆಯಲ್ಲಿದ್ದ ಹಳೆಯ ನೇರಳೆ ಯೋಗ ಮ್ಯಾಟನ್ನು ಕತ್ತರಿಸಿದೆ. ಎರಡು ಬೆರಳಗಲದ ಮೂರು ತುಂಡು, ಒಂದಕ್ಕಿಂತ ಒಂದು ಗಿಡ್ಡ. ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಅಂಟಿಸಿ, ದಪ್ಪ ಭಾಗ ಕೆಳಗೆ ಬರುವಂತೆ ವೆಲ್ಕ್ರೋದಿಂದ ಹೋಲ್‌ಸ್ಟರಿನ ಹಿಂದೆ ಕೂರಿಸಿದೆ. ಗನ್ ಖಾಲಿ ಮಾಡಿ, ಎರಡು ಸಲ ನೋಡಿ, ಹಾಕಿಕೊಂಡು ಅಡುಗೆಮನೆಯ ಸ್ಟೂಲಿನಲ್ಲಿ ಕೂತೆ. ಇನ್ನೂ ಒತ್ತುತ್ತಿತ್ತು. ಮೇಲಿನ ತುಂಡನ್ನು ಅರ್ಧ ಇಂಚು ಕತ್ತರಿಸಿ, ಅಂಚನ್ನು ಓರೆ ಮಾಡಿದೆ. ಮತ್ತೆ ಕೂತೆ, ಬಗ್ಗಿದೆ, ನೆಲದ ಮೇಲಿನ ಅಕ್ಕಿ ಚೀಲ ಎತ್ತಿದೆ. ಮೂರನೇ ಸಲಕ್ಕೆ ಸರಿಹೋಯಿತು. ಕೆಳಗೆ ಬೆಣೆ ಒತ್ತಿದ್ದಕ್ಕೆ ಮೇಲೆ ಹಿಡಿ ಹೊಟ್ಟೆಗೆ ವಾಲಿತು. ಕನ್ನಡಿಯಲ್ಲಿ ಪಕ್ಕಕ್ಕೆ ತಿರುಗಿ ನೋಡಿದೆ, ಏನೂ ಇಲ್ಲ. ಇವರನ್ನು ಕರೆದು ಎಲ್ಲಿದೆ ಹೇಳಿ ಅಂದರೆ ಬೆನ್ನ ಕಡೆ ಹುಡುಕಿದರು.

ಬಟ್ಟೆಯಲ್ಲಿ ನಮಗೆ ಒಂದು ಅನುಕೂಲ ಇದೆ. ಕುರ್ತಿ. ಟೀ ಶರ್ಟಿನ ಹಾಗೆ ಮೈಗೆ ಅಂಟುವುದಿಲ್ಲ. ಬಿಳಿ ಬಟ್ಟೆಗಿಂತ ಹೂವಿನ ಪ್ರಿಂಟು, ಚೌಕಳಿ ಒಳ್ಳೆಯದು, ಸಣ್ಣ ಉಬ್ಬು ಕಣ್ಣಿಗೆ ಬೀಳುವುದಿಲ್ಲ. ಆದರೆ ಮೊಣಕಾಲವರೆಗಿನ ಕುರ್ತಿ ಬೇಡ. ಅಷ್ಟು ಬಟ್ಟೆ ಎತ್ತಿ ಹಿಡಿಯುವಷ್ಟರಲ್ಲಿ ಕೈ ಸಿಕ್ಕಿಹಾಕಿಕೊಳ್ಳುತ್ತದೆ. ನಾನು ನಾಲ್ಕು ಕುರ್ತಿಗಳನ್ನು ಸೊಂಟದ ಕೆಳಗೆ ಒಂದು ಗೇಣಿಗೆ ಕತ್ತರಿಸಿ ಹೊಲಿಸಿದೆ. ಒಳಗೆ ಒಂದು ಹತ್ತಿ ಬನಿಯನ್ ಇರಲೇಬೇಕು. ಜುಲೈನಲ್ಲಿ ಇಲ್ಲಿ 38 ಡಿಗ್ರಿ, ಬೆವರು ನೇರ ಲೋಹಕ್ಕೆ ಇಳಿಯುತ್ತದೆ. ಸುಮ್ನೆ ಬಿಟ್ಟರೆ ಸ್ಕ್ರೂ ತಲೆಗಳಲ್ಲಿ ತುಕ್ಕು ಕಾಣಿಸುತ್ತದೆ. ವಾರಕ್ಕೊಮ್ಮೆ ಖಾಲಿ ಮಾಡಿ ಒರೆಸಿ, ತೆಳ್ಳಗೆ ಎಣ್ಣೆ ಕೊಡುತ್ತೇನೆ.

ಸೀರೆ ಉಟ್ಟ ದಿನ ಗನ್ ಮನೆಯ ಸೇಫಿನಲ್ಲಿ. ದೇವಸ್ಥಾನಕ್ಕೆ ಹೋಗುವಾಗಲೂ ಹಾಗೇ. ಪೇರ್‌ಲ್ಯಾಂಡಿನ ಮೀನಾಕ್ಷಿ ಗುಡಿಗೆ ಹೋದರೆ ಪ್ರದಕ್ಷಿಣೆ, ನಮಸ್ಕಾರ, ಮಕ್ಕಳು ಕಾಲಿಗೆ ಸುತ್ತಿಕೊಳ್ಳುವುದು, ಅಲ್ಲಿ ಅದು ನನಗೆ ಬೇಡ. ಕಾರಿನಲ್ಲಿ ಬಿಡಲೇಬೇಕಾದ ದಿನಗಳಿಗೆ ಸೀಟಿನ ಕಾಲಿಗೆ ಉಕ್ಕಿನ ಕೇಬಲ್ ಹಾಕಿ ಕಟ್ಟಿದ ಪೆಟ್ಟಿಗೆ ಇದೆ. ಬರೀ ಗ್ಲವ್ ಬಾಕ್ಸಿನಲ್ಲಿ ಬಿಟ್ಟರೆ ಕಳ್ಳನಿಗೆ ಕೊಟ್ಟ ಹಾಗೆ.

ಟಾಯ್ಲೆಟ್ಟಿನ ಬಗ್ಗೆ ಯಾರೂ ಮಾತಾಡುವುದಿಲ್ಲ, ಆದರೆ ಎಲ್ಲರಿಗೂ ಬರುವ ಪ್ರಶ್ನೆ ಅಲ್ವಾ? ಗನ್ನನ್ನು ತೆಗೆದು ಫ್ಲಶ್ ಟ್ಯಾಂಕಿನ ಮೇಲೆ ಇಟ್ಟು ಮರೆತು ಬರುವವರಿದ್ದಾರೆ. ತೆಗೆಯಲೇಬೇಡಿ. ಹೋಲ್‌ಸ್ಟರಿನ ಒಳಗೇ ಇರಲಿ, ಬೆಲ್ಟನ್ನು ಮೊಣಕಾಲಿನ ಮೇಲೆ ಬಿಗಿ ಹಿಡಿದುಕೊಳ್ಳಿ, ನೆಲಕ್ಕೆ ಬೀಳಲು ಬಿಡಬೇಡಿ. ದಿನದಲ್ಲಿ ಗನ್ ಮುಟ್ಟುವುದು ಕಡಿಮೆಯಾದಷ್ಟೂ ಅಪಾಯ ಕಡಿಮೆ.

ಅದಕ್ಕೇ ನಾನು ಬೆಳಿಗ್ಗೆ ಗನ್ನನ್ನು ಮೊದಲು ಹೋಲ್‌ಸ್ಟರಿಗೆ ಹಾಕುತ್ತೇನೆ, ಮೈಯಿಂದ ದೂರ, ನಳಿಗೆ ಗೋಡೆ ಕಡೆಗೆ. ಆಮೇಲೆ ಎರಡನ್ನೂ ಸೇರಿಸಿ ಬೆಲ್ಟಿಗೆ ಸಿಕ್ಕಿಸುತ್ತೇನೆ. ರಾತ್ರಿ ಹೋಲ್‌ಸ್ಟರ್ ಸಮೇತ ಬಿಚ್ಚಿ ಸೇಫಿಗೆ. ರೇಂಜಿನಲ್ಲಿ, ಅಂದರೆ ಗುಂಡು ಹೊಡೆದು ಕಲಿಯುವ ಜಾಗದಲ್ಲಿ, ಅಭ್ಯಾಸ ಮಾಡುವಾಗ ವಾಪಸ್ ಹಾಕುವುದನ್ನು ಕಣ್ಣಲ್ಲಿ ನೋಡಿಕೊಂಡು, ಕುರ್ತಿಯ ಅಂಚು ಪೂರ್ತಿ ಮೇಲೆ ಎತ್ತಿ, ನಿಧಾನ ಮಾಡುತ್ತೇನೆ. ಹೊರಗೆ ತೆಗೆಯಲು ಆತುರ ಇರಬಹುದು, ಒಳಗೆ ಹಾಕಲು ಏನು ಆತುರ?

ಹೋಲ್‌ಸ್ಟರ್ ಇಲ್ಲದೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದನ್ನು ಸಿನಿಮಾದಲ್ಲಿ ಎಲ್ಲರೂ ನೋಡಿದ್ದೇವೆ. ಪ್ಲಾಕ್ಸಿಕೊ ಬರ್ರೆಸ್ ಅಂತ ಫುಟ್‌ಬಾಲ್ ಆಟಗಾರ. 2008ರ ಫೆಬ್ರವರಿಯಲ್ಲಿ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲಿನ ಫೈನಲ್, ಗೆಲ್ಲಿಸಿದ ಕ್ಯಾಚ್ ಹಿಡಿದವರು. ಅದೇ ನವೆಂಬರಿನಲ್ಲಿ ನ್ಯೂಯಾರ್ಕಿನ ಒಂದು ನೈಟ್‌ಕ್ಲಬ್ಬಿನಲ್ಲಿ ಪ್ಯಾಂಟಿನಲ್ಲಿ ಸುಮ್ನೆ ಸಿಕ್ಕಿಸಿಕೊಂಡಿದ್ದ ಪಿಸ್ತೂಲು ಜಾರಿತು. ಹಿಡಿಯಲು ಹೋದರು, ಗುಂಡು ಅವರ ತೊಡೆಗೇ ಹೊಕ್ಕಿತು. ನ್ಯೂಯಾರ್ಕಿನ ಲೈಸೆನ್ಸೂ ಇರಲಿಲ್ಲ. ಎರಡು ವರ್ಷದ ಜೈಲು ಶಿಕ್ಷೆ ಆಯಿತು. ಜಾರುವ ಗನ್ನನ್ನು ಹಿಡಿಯಬಾರದು, ಬೀಳಲು ಬಿಡಬೇಕು ಅಂತ ನಮ್ಮ ಗುರುಗಳು ಮೊದಲ ದಿನವೇ ಹೇಳಿದ್ದರು. ಬೀಳುವ ಲೋಟಕ್ಕೆ ಕೈ ಚಾಚುವ ಅಭ್ಯಾಸ ನಮ್ಮೆಲ್ಲರದು, ಆದ್ದರಿಂದ ಇದನ್ನು ಮನಸ್ಸಿಗೆ ಕಲಿಸಬೇಕು.

ಅಪ್ಪಯ್ಯನಿಗೆ ಇದೆಲ್ಲ ಫೋನಿನಲ್ಲಿ ಹೇಳಿದ್ದೆ. ಅವರು ಕೇಳಿದ್ದು ಒಂದೇ. "ಮಗ ಎಷ್ಟು ಎತ್ತರ ಆದ? ಪೆಟ್ಟಿಗೆ ಅವನಿಗೆ ಎಟುಕುತ್ತಾ?" ಎಟುಕಿದರೂ ಬೀಗ ಇದೆ ಅಂದೆ. "ಬೀಗದ ಕೈ ಎಲ್ಲಿಡ್ತಿ?" ಅಂದರು. ಕೈ ಇಲ್ಲ, ನಂಬರು ಅಂದೆ. ನಂಬರು ಮಗನ ಹುಟ್ಟಿದ ದಿನ ಆಗಿತ್ತು. ಆ ರಾತ್ರಿಯೇ ಬದಲಾಯಿಸಿದೆ.

ಗೆಳತಿ ಬರುವ ಶನಿವಾರ ಬರುತ್ತಿದ್ದಾಳೆ. ಮಕ್ಕಳನ್ನು ಮನೆಯಲ್ಲೇ ಬಿಟ್ಟು ಬಾ, ದಪ್ಪ ಜೀನ್ಸ್ ಹಾಕಿಕೊಂಡು ಬಾ ಅಂದಿದ್ದೇನೆ. ನನ್ನ ಡ್ರಾಯರಿನಲ್ಲಿ ಬಿದ್ದಿರುವ ಎರಡು ಹೋಲ್‌ಸ್ಟರ್ ತೆಗೆದಿಟ್ಟಿದ್ದೇನೆ. ಅಭ್ಯಾಸಕ್ಕೆ ಅಂತ ನೀಲಿ ಪ್ಲಾಸ್ಟಿಕ್ಕಿನ ಡಮ್ಮಿ ಗನ್ ಇದೆ, ಅದನ್ನು ಹಾಕಿಕೊಂಡು ಅರ್ಧ ದಿನ ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಪೆಟ್ಟಿಗೆ ಎತ್ತಲಿ, ಕೂರಲಿ, ಬಗ್ಗಲಿ. ಎಲ್ಲಿ ಚುಚ್ಚುತ್ತದೆ ಅಂತ ಅವಳ ಮೈಯೇ ಹೇಳುತ್ತದೆ. ಪಿಸ್ತೂಲು ಯಾವುದು ಅಂತ ಆಮೇಲೆ ನೋಡಿದರಾಯಿತು. ಯೋಗ ಮ್ಯಾಟ್ ಇನ್ನೂ ಮುಕ್ಕಾಲು ಉಳಿದಿದೆ.